ಕಣ್ಣು ಬರೆಯೋ ಬ್ರಶ್ ಯಾವುದು?

ಕೃಷ್ಣಮೂರ್ತಿಪುರಂನ ನಮ್ಮನೆ ಮಹಡಿ ರೂಮಿಂದ ಮಾತಾಡ್ತಿದೀನಿ. ಮಧ್ಯೆ ಕುಕ್ಕರ್ ಕೂಗಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಹೋದ ವರ್ಷ ನಾನೊಂದು ಗಂಜೀಫಾ ಎಲೆ ಹಾಳು ಮಾಡಿದೆ. ಗಂಜೀಫಾ ಅಂದ್ರೆ ಕೈಯಲ್ಲಿ ಚಿತ್ರ ಬರೆದ ಹಳೇ ಕಾಲದ ಇಸ್ಪೀಟು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದರ ಹುಚ್ಚು ಎಷ್ಟಿತ್ತು ಅಂದ್ರೆ, ಅವರೇ ಹೊಸ ಹೊಸ ಆಟಗಳನ್ನ ಕಟ್ಟಿದ್ರು. ಅಂಗೈಯಲ್ಲಿ ಮುಚ್ಚಿಹೋಗೋ ದುಂಡನೆ ಎಲೆ, ಅದರೊಳಗೆ ಇಡೀ ದೇವರು ಕೂರಬೇಕು. ಮೂರು ವಾರ ಕೂತು ಕೃಷ್ಣನ್ನ ಬರೆದಿದ್ದೆ. ಕಣ್ಣು ಯಾವಾಗ್ಲೂ ಕೊನೆಗೆ. ರೆಪ್ಪೆಯ ಗೆರೆ ಎಳೀತಿದ್ದ ಹಾಗೇ ಬ್ರಶ್ ತುದಿ ಎರಡಾಗಿ ಸೀಳ್ತು. ಒಂದು ಗೆರೆ ಇರಬೇಕಾದ ಕಡೆ ಎರಡು.

ನಾನು ಇಟ್ಕೊಂಡಿದ್ದು ಮೂರು ಸೊನ್ನೆ ನಂಬರ್. ಚಿಕ್ಕ ಬ್ರಶ್, ಸಣ್ಣ ಗೆರೆ ಅನ್ನೋ ಲೆಕ್ಕ. ಬಿ.ಕಾಂ. ಓದಿದ್ರೂ ಲೆಕ್ಕ ತಪ್ಪು! ನಮ್ಮ ಮೇಷ್ಟ್ರು ಅದನ್ನ ಪಕ್ಕಕ್ಕಿಟ್ಟು, ಒಂದನೇ ನಂಬರಿನ ದಪ್ಪ ಬ್ರಶ್‌ನಲ್ಲಿ ಅದೇ ಗೆರೆ ಎಳೆದು ತೋರಿಸಿದ್ರು. ಸಣ್ಣ ಗೆರೆ ಬರೋದು ತುದಿಯಿಂದ ಕಣ್ರೀ, ಸೈಜಿನಿಂದ ಅಲ್ಲ. ಬ್ರಶ್‌ಗೆ ಒಂದು ಹೊಟ್ಟೆ ಇರಬೇಕು, ಅದು ಬಣ್ಣ ಹಿಡಿದಿಟ್ಕೊಂಡು ನಿಧಾನಕ್ಕೆ ತುದಿಗೆ ಕೊಡುತ್ತೆ. ಮೂರು ಸೊನ್ನೆಯಲ್ಲಿ ಇರೋದೇ ನಾಲ್ಕು ಕೂದಲು. ಅರ್ಧ ಗೆರೆಗೇ ಒಣಗುತ್ತೆ.

ಅಂಗಡೀಲಿ ಹೊಸ ಬ್ರಶ್ ಎಲ್ಲಾ ಚೂಪಾಗೇ ಕಾಣುತ್ತೆ, ಯಾಕಂದ್ರೆ ಅಂಟು ಹಾಕಿ ನಿಲ್ಲಿಸಿರ್ತಾರೆ. ಹಂಗಾಗಿ ಒಂದು ಲೋಟ ನೀರು ಕೇಳಿ. ನೆನೆಸಿ, ಅಂಟು ಬಿಡಿಸಿ, ಒಂದ್ಸಲ ಕೊಡವಿ. ತಾನಾಗೇ ಒಂದೇ ತುದಿಗೆ ಬಂದ್ರೆ ತಗೊಳ್ಳಿ. ನೀರು ಕೊಡಲ್ಲ ಅಂದ್ರೆ ಬೇರೆ ಅಂಗಡಿ ನೋಡಿ.

ಕೂದಲಿನ ವಿಷಯಕ್ಕೆ ಬರೋಣ. ಮೈಸೂರು ಶೈಲಿಯ ಹಳೇ ಚಿತ್ರಕಾರರು ಅಳಿಲು, ಮೇಕೆ, ಒಂಟೆ ಕೂದಲಲ್ಲಿ ಕುಂಚ ಕಟ್ತಿದ್ರು. ತೀರಾ ನವಿರು ಗೆರೆಗೆ ಚೂಪಾದ ಹುಲ್ಲಿನ ಎಸಳನ್ನೂ ಬಳಸ್ತಿದ್ರು. ಈಗ ಒಂದು ಅಂಗಡೀಲಿ ನಂಗೆ ‘ಸ್ಪೆಷಲ್ ಐಟಂ’ ಅಂತ ಗುಟ್ಟಾಗಿ ತೋರಿಸಿದ್ದು ಮುಂಗುಸಿ ಕೂದಲಿನದ್ದು. ತುದಿ ಕಡು ಕಂದು, ನಡುವೆ ಕೆನೆ ಬಣ್ಣ, ಬುಡ ಮತ್ತೆ ಕಂದು. ದಯವಿಟ್ಟು ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನ ಮಾರೋದು, ಕೊಳ್ಳೋದು ಎರಡೂ ಅಪರಾಧ. ಒಂದು ಬ್ರಶ್‌ಗೋಸ್ಕರ ಮುಂಗುಸಿ ಸಾಯ್ಬೇಕಾ? ಒಳ್ಳೇ ಸಿಂಥೆಟಿಕ್ ಬ್ರಶ್ ಸಿಗುತ್ತೆ. ಕೆಲವು ತಿಂಗಳಿಗೆ ತುದಿ ಕೊಕ್ಕೆ ಥರ ಬಾಗುತ್ತೆ, ನಿಜ. ಬಾಗಿದ್ದನ್ನ ಬಣ್ಣ ಕಲಸೋಕೆ ಇಟ್ಕೊಳ್ಳಿ.

ಇನ್ನು ನನ್ನ ಬ್ರಶ್ ಸೀಳಿದ್ದು ಯಾಕೆ? ತಲೆಕೆಳಗೆ ಮಾಡಿ ರಾತ್ರಿಯೆಲ್ಲಾ ನೀರಲ್ಲಿ ಬಿಟ್ಟಿದ್ದೆ. ಕೂದಲು ಬಾಗುತ್ತೆ, ಮರ ಊದುತ್ತೆ, ಒಳಗಿನ ಅಂಟು ಸಡಿಲ ಆಗುತ್ತೆ. ಬಣ್ಣದಲ್ಲಿ ಅರ್ಧದವರೆಗೆ ಮಾತ್ರ ಅದ್ದಿ. ಲೋಹದ ಕೊಳವೆಯೊಳಗೆ ಬಣ್ಣ ಹೋಗಿ ಒಣಗಿದ್ರೆ ಕೂದಲು ಅಗಲವಾಗಿ ಬಿಚ್ಕೊಳ್ಳುತ್ತೆ. ಕೆಲಸ ಆದ್ಮೇಲೆ ತಣ್ಣೀರು, ಬಿಸಿನೀರು ಬೇಡ. ಅಂಗೈಗೆ ಸ್ವಲ್ಪ ಮೈಸೋಪು ಹಚ್ಚಿ ಮೆತ್ತಗೆ ತಿರುಗಿಸಿ, ನೊರೆ ಬೆಳ್ಳಗೆ ಬರೋವರೆಗೂ. ಬೆರಳಲ್ಲಿ ತುದಿ ಕೂಡಿಸಿ, ಅಡ್ಡ ಮಲಗಿಸಿ ಒಣಗಿಸಿ. ಒದ್ದೆ ಇದ್ದಾಗ ಡಬ್ಬಿಗೆ ಹಾಕಿದ್ರೆ ಮಳೆಗಾಲದಲ್ಲಿ ಬೂಷ್ಟು ಗ್ಯಾರಂಟಿ. ಗೆಸ್ಸೋ ಕೆಲಸಕ್ಕೆ, ಅದೇ ಚಿನ್ನದ ರೇಕಿನ ಕೆಳಗಿನ ಉಬ್ಬು ಕೆಲಸಕ್ಕೆ, ಹಳೇ ಬ್ರಶ್ಶೇ ಬೇರೆ ಇಡಿ. ಕಣ್ಣಿನ ಬ್ರಶ್‌ನ ಅಲ್ಲಿಗೆ ಒಯ್ಯಲೇಬೇಡಿ.

ಆ ಕೃಷ್ಣನ ಎಲೆ ಇನ್ನೂ ನನ್ನ ಟೇಬಲ್ ಮೇಲಿದೆ. ಈ ಭಾನುವಾರ ಇನ್ನೊಂದು ಶುರು ಮಾಡ್ತೀನಿ, ಒಂದನೇ ನಂಬರಲ್ಲಿ. ಸಿಗೋಣ.