ಕೂಲಿ ಏರಿದರೆ ಸಾಲದು, ಆಸ್ತಿ ಉಳಿಯಬೇಕು



ಇಟಲಿಯಲ್ಲಿ ಫ್ಲಾರೆನ್ಸ್ ಅಂತ ಒಂದು ಊರಿದೆ. ಅಲ್ಲಿನ 1427ರ ತೆರಿಗೆ ಲೆಕ್ಕವನ್ನೂ 2011ರ ಲೆಕ್ಕವನ್ನೂ ಇಬ್ಬರು ಅರ್ಥಶಾಸ್ತ್ರಜ್ಞರು ಪಕ್ಕಪಕ್ಕ ಇಟ್ಟು ನೋಡಿದರು. ಆಗ ಸಿರಿವಂತರಾಗಿದ್ದ ಮನೆತನಗಳ ಹೆಸರಿನವರೇ ಈಗಲೂ ಮುಂದಿದ್ದರು. ಸುಮಾರು 600 ವರ್ಷ! ಅಷ್ಟು ತಲೆಮಾರಲ್ಲಿ ಆ ಮನೆಗಳಲ್ಲಿ ದಡ್ಡರು ಹುಟ್ಟಲೇ ಇಲ್ವಾ? ಹುಟ್ಟಿರ್ತಾರೆ. ಅಪ್ಪನ ಆಸ್ತಿ ಅವರನ್ನ ಬೀಳೋಕೆ ಬಿಡಲಿಲ್ಲ.

ನಮಗೂ ನೆಲ ಸಿಕ್ಕಿತ್ತು. ಚೆಂಗಲ್ಪಟ್ಟು ಕಲೆಕ್ಟರ್ ಟ್ರೆಮೆನ್‌ಹೀರ್ ವರದಿಯ ಮೇಲೆ 1892ರಲ್ಲಿ ಮದ್ರಾಸ್ ಸರ್ಕಾರ ಪಂಚಮಿ ನೆಲ ಕೊಡಲು ಒಪ್ಪಿತು. ಮೊದಲ 10 ವರ್ಷ ಮಾರುವಂತಿಲ್ಲ, ಆಮೇಲೂ ನಮ್ಮವರಿಗೇ ಮಾರಬೇಕು ಅನ್ನೋದು ಷರತ್ತು. ಆದರೂ ಬಹಳಷ್ಟು ಕೈತಪ್ಪಿತು.

ನಮ್ಮ ಧರ್ಮಪುರಿ ಜಿಲ್ಲೆಯಲ್ಲೇ 2012ರ ನವೆಂಬರ್ 7ರಂದು ನತ್ತಂ ಕಾಲೊನಿಗೆ ಬೆಂಕಿ ಇಟ್ಟರು. ಬೆಂಗಳೂರಲ್ಲಿ ದುಡಿದು ಕಟ್ಟಿದ್ದ ಮನೆಗಳು. ಒಂದು ತಲೆಮಾರಿನ ಗಳಿಕೆ ಒಂದು ಸಂಜೆಗೆ ಸುಟ್ಟುಹೋಯ್ತು.

ತೊಪ್ಪೂರಲ್ಲಿ ಬೆಂಗಳೂರು ಬಸ್ಸು ಹತ್ತೋ ತಮ್ಮಂದಿರೇ, ದುಡೀರಿ, ಆದರೆ ಮಕ್ಕಳ ಕೈಗೆ ಏನು ಸೇರುತ್ತೆ ಅಂತಲೂ ಕೇಳ್ಕೊಳ್ಳಿ. ವಿ.ಎ.ಓ. ಹತ್ತಿರ ಹೋಗಿ ಎ ರಿಜಿಸ್ಟರ್ ತೆಗೆಸಿ, ತಾತನ ಹೆಸರಲ್ಲಿ ನೆಲ ಇತ್ತಾ ನೋಡಿ. ಇದ್ದರೆ ಕಾಗದ ಸಂಘಕ್ಕೆ ತನ್ನಿ, ಕೂಡಿ ಕೇಳೋಣ. ಇರೋ ಪಟ್ಟಾವನ್ನ ಮಾತ್ರ ಮಾರಬೇಡಿ.