ಒಣಗಿದ ಕಡಲಿನ ಮೇಲಿನ ದಾರಿ

ಬೇಸಿಗೆ ಬಂತೆಂದರೆ ಬೆಟ್ಟ, ಸರೋವರ, ಕಡಲತೀರಗಳನ್ನು ಅರಸಿ ಮಡಿಕೇರಿ, ಕಾರವಾರಗಳತ್ತ ಹೊರಡುವ ಕಲಬುರಗಿ ಸೀಮೆಯ ಜನ, ತೆಂಗಳಿಯಿಂದ ಚಿಂಚೋಳಿಯ ಕಡೆಗೆ ಸಾಗುವ ದಾರಿಯನ್ನು ಪ್ರವಾಸದ ಲೆಕ್ಕಕ್ಕೆ ಹಿಡಿಯುವುದು ಅಪರೂಪ. ಆದರೆ ಈ ಭಾಗದ ಮಾಳಿಗೆ, ಅಂಗಳ, ಗೋಡೆಗಳಿಗೆಲ್ಲ ಒದಗುವ ಶಹಾಬಾದ್ ಕಲ್ಲು, ಅಂದರೆ ಹಾಸುಹಾಸಾಗಿ ಏಳುವ ಸುಣ್ಣದಕಲ್ಲು, ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಹರಡಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರುಗಟ್ಟಿ ಗಟ್ಟಿಯಾದದ್ದು. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ಇಂದು ಅರೆಯುತ್ತಿರುವುದೂ ಆ ಕಡಲನ್ನೇ. ಕಾಗಿಣಾ ನದಿಯ ದಂಡೆಯಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಮಳಖೇಡದ ಕೋಟೆಯನ್ನು ಕಟ್ಟಿರುವುದೂ ಇದೇ ಕಲ್ಲಿನಿಂದ.

ಚಿಂಚೋಳಿ ದಾಟಿದ ಮೇಲೆ ನೆಲ ಏರುತ್ತದೆ, ಮಣ್ಣು ಕೆಂಪಾಗುತ್ತದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಇಲ್ಲಿನ ಕಾಡು ಎಲೆಯುದುರಿಸುವ ಶುಷ್ಕ ಕಾಡು, ಎಂದರೆ ಇರುವಷ್ಟು ನೀರನ್ನು ಉಳಿಸಿಕೊಳ್ಳಲು ಮರಗಳು ಬೇಸಿಗೆಗೆ ಮೊದಲೇ ಎಲೆ ಕಳಚಿ ನಿಲ್ಲುವಂಥದು. ಬರಿಗೊಂಬೆಗಳ ನಡುವಿನಿಂದ ಗುಡ್ಡಗಳ ಮಡಿಲಿನ ಚಂದ್ರಂಪಳ್ಳಿ ಜಲಾಶಯವು ಮಳೆಗಾಲಕ್ಕಿಂತಲೂ ದೂರದಿಂದಲೇ ಕಣ್ಣಿಗೆ ಬೀಳುತ್ತದೆಂಬುದು ಬೇಸಿಗೆಯ ಪ್ರಯಾಣಿಕರಿಗೆ ಸಿಗುವ ಲಾಭ. ಎತ್ತಿಪೋತ ಜಲಪಾತವನ್ನು ನೋಡಬೇಕೆನ್ನುವವರು ಮಾತ್ರ ಮುಂಗಾರಿನವರೆಗೆ ಕಾಯಬೇಕಾಗುತ್ತದೆ.