ಕತ್ತರಿಸಿ ತೆಗೆದ ಗಡ್ಡೆಯ ಕಥೆ
(ಕಾಂದಿವಲಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಕಾಂದಿವಲಿಯಲ್ಲೇ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ನಮ್ಮ ಸೋದರರೊಬ್ಬರು ಈಚೆಗೆ ನನ್ನನ್ನು ಕೇಳಿದರು: "ಅಣ್ಣಾ, ಬಾಯಿಯ ಗಡ್ಡೆಗೆ ಶಸ್ತ್ರಕ್ರಿಯೆ ಆಗಬೇಕು. ತೆಗೆದ ಮಾಂಸವನ್ನು ಇಟ್ಟುಕೊಳ್ಳುತ್ತೇವೆ, ಬೇರೆ ಸಂಸ್ಥೆಗಳಿಗೂ ಕೊಡುತ್ತೇವೆ ಎಂಬ ಕಾಗದಕ್ಕೆ ಸಹಿ ಕೇಳಿದ್ದಾರೆ. ಮಾರಿಕೊಳ್ಳುತ್ತಾರೋ ಏನೋ!" ಅವರ ಭಯ ಸಣ್ಣದಲ್ಲ. ಅವರಿಗೆ ಕೊಟ್ಟ ಉತ್ತರವನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ತೆಗೆದ ಗಡ್ಡೆಯಲ್ಲಿ ರೋಗನಿರ್ಣಯಕ್ಕೆ ಬೇಕಾದುದನ್ನು ಬಿಟ್ಟು ಉಳಿದ ಚೂರನ್ನು, ರೋಗಿ ಒಪ್ಪಿದರೆ, ಮೇಣದಲ್ಲಿಯೋ ಕಡುಶೀತದಲ್ಲಿಯೋ ಕಾಪಿಡುತ್ತಾರೆ. ಆದರೆ ಚೂರೊಂದೇ ಸಾಲದು. ಚೀಟಿಯಿಲ್ಲದ ಬಟ್ಟೆಯ ಗಂಟು ಗೋದಾಮಿನಲ್ಲಿದ್ದೂ ಇಲ್ಲದಂತೆ ಎಂಬುದು ಗಿರಣಿಯವರಿಗೆ ಗೊತ್ತು. ರೋಗಿಯ ವಯಸ್ಸೆಷ್ಟು, ತಂಬಾಕು ಎಷ್ಟು ವರ್ಷ ಜಗಿದರು, ಯಾವ ಚಿಕಿತ್ಸೆ ನಾಟಿತು, ರೋಗ ಮರಳಿತೇ? ಇವಿಲ್ಲದ ಚೂರು ಮೂಕ. ಒಂದು ಆಸ್ಪತ್ರೆ "ತಂಬಾಕು ಉಂಟು" ಎಂದಷ್ಟೇ ಬರೆದು, ಇನ್ನೊಂದು ವರ್ಷಗಳ ಲೆಕ್ಕ ಬರೆದರೆ ಎರಡನ್ನೂ ಕೂಡಿಸಲಾಗದು. ಆದ್ದರಿಂದ ಎಲ್ಲರೂ ಒಂದೇ ಕ್ರಮದಲ್ಲಿ ಬರೆದಿಡಬೇಕು.

ಹಂಚಿಕೊಂಡರೆ ಆಗುವ ಲಾಭಕ್ಕೆ ನಮ್ಮ ಮುಂಬಯಿಯೇ ಸಾಕ್ಷಿ. ಪರೇಲಿನ ಗಿರಣಿಗಳ ನಡುವೆ 1941ರಲ್ಲಿ ತೆರೆದ ಟಾಟಾ ಆಸ್ಪತ್ರೆಯನ್ನು ಅರಿಯದವರಾರು? ಅದರ ಅಂಗಸಂಸ್ಥೆ ಖಾರಘರದಲ್ಲಿದೆ. ಆ ಸಂಸ್ಥೆಯೂ ಬಂಗಾಳದ ಕಲ್ಯಾಣಿಯ ಜೀನೋಮಿಕ್ಸ್ ಸಂಸ್ಥೆಯೂ ಕೂಡಿ ಒಸಡು-ಕೆನ್ನೆಯ ಕ್ಯಾನ್ಸರಿನ 110 ರೋಗಿಗಳ ಗಡ್ಡೆಗಳನ್ನು ಶೋಧಿಸಿದವು. ಈ ರೋಗದಲ್ಲಿ ಮತ್ತೆ ಮತ್ತೆ ಕೆಡುವ, ಹಿಂದೆ ತಿಳಿದಿರದ ಐದು ಜೀನುಗಳನ್ನು 2013ರಲ್ಲಿ ಪ್ರಕಟಿಸಿದವು. ಇದು ತಂಬಾಕು ಜಗಿಯುವ ನಮ್ಮಂಥವರ ರೋಗ. ನಮ್ಮ ಗಡ್ಡೆಯನ್ನು ನೋಡದೆ ನಮ್ಮ ರೋಗ ಅರ್ಥವಾದೀತೇ? 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ಡಿನಲ್ಲಿ ಬೆಂಗಳೂರಿನ ಕಿದ್ವಾಯಿಯೂ ಸೇರಿದೆ. ಆಸ್ಪತ್ರೆಗಳು ಕೂಡಿ ನಡೆಯುವ ದಾರಿ ತೆರೆದಿದೆ.

ಹಾಗಾದರೆ ನಮ್ಮ ಹೆಸರಿನ ಗತಿ? ಹೋಟೆಲಿನಲ್ಲಿ "ಮೂರನೇ ಟೇಬಲಿಗೆ ಎರಡು ಮಸಾಲೆ" ಎಂದು ಸಪ್ಲೈಯರ್ ಕೂಗುತ್ತಾನೆ. ಒಲೆಯ ಮುಂದಿನ ಭಟ್ಟರಿಗೆ ಗಿರಾಕಿಯ ಹೆಸರು ಬೇಡ, ನಂಬರು ಸಾಕು. ಹಾಗೆಯೇ ಚೂರಿನೊಡನೆ ಸಂಖ್ಯೆ ಹೋಗಬೇಕು, ಹೆಸರು ಹೋಗಬಾರದು. ಧಣಿಗೆ ತಿಳಿದು ಕೆಲಸ ಹೋದೀತೆಂಬ ಅಂಜಿಕೆ ನಮಗಿರುವಾಗ ಇದು ಉಪಕಾರವಲ್ಲ, ಹಕ್ಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮಾವಳಿಯಂತೆ, ಒಪ್ಪಿಗೆಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಕೇಳಬೇಕು. ಒಪ್ಪದಿದ್ದರೂ ಚಿಕಿತ್ಸೆಗೆ ಕುಂದು ಬರಬಾರದು. ಮುಂದೆ ಒಪ್ಪಿಗೆ ಹಿಂಪಡೆಯಲೂಬಹುದು. ಆದುದರಿಂದ ಮರಾಠಿ, ಇಂಗ್ಲಿಷ್ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಯಾರಿಗೆ ಹೋಗುವುದು, ಔಷಧದ ಕಂಪೆನಿಗೂ ಹೋಗುವುದೇ ಎಂದು ಕೇಳಿ. ನಾಚಿಕೆಪಡದೆ ಓದಿಸಿಕೊಳ್ಳಿ. ಒಪ್ಪಿದ ಮೇಲೆ ತಂಬಾಕಿನ ಲೆಕ್ಕವನ್ನು ಮುಚ್ಚಿಡಬೇಡಿ. ಸುಳ್ಳು ಲೆಕ್ಕ ಮುಂದಿನ ರೋಗಿಗೆ ಮೋಸ.

ಆ ಸೋದರರು ಎಲ್ಲವನ್ನೂ ಕೇಳಿ ತಿಳಿದು ಸಹಿ ಹಾಕಿದರು. "ನನಗಲ್ಲದಿದ್ದರೂ ನನ್ನ ಹಿಂದೆ ಊರಿಂದ ಬರುವ ಹುಡುಗನಿಗಾದರೂ ಆದೀತು" ಎಂದರು. ಅದಕ್ಕಿಂತ ದೊಡ್ಡ ಮಾತು ನನ್ನಲ್ಲಿಲ್ಲ. ಬಾಯಿಯ ಹುಣ್ಣು ಮೂರು ವಾರಕ್ಕೂ ಮಾಯದಿದ್ದರೆ ರಜೆ ಹಾಕಿಯಾದರೂ ವೈದ್ಯರಿಗೆ ತೋರಿಸಿರೆಂದು ಬೇಡಿ, ನನ್ನ ಮಾತು ಮುಗಿಸುತ್ತೇನೆ.